ಒಂದನೇ ನಂಬರಿನ ಅಂಗಿ

ಆಸ್ಟರ್ಲಿ ಊರಿನ ಕಾಲೇಜಿಗೆ ಹೊಸ ಕ್ರೀಡಾ ನಿರ್ದೇಶಕ ಬಂದಾಗ, ಆ ಕಡೆಯ ಎಲ್ಲ ಕಾಲೇಜುಗಳಲ್ಲೂ ಇರುವ ಹಾಗೆ, ಒಂದು ಶಾಸ್ತ್ರ ಇದೆ. ಪತ್ರಿಕೆಯವರು, ಟಿವಿಯವರು, ದೇಣಿಗೆ ಕೊಡುವ ದೊಡ್ಡ ಕುಳಗಳು ಎಲ್ಲ ಬಂದು ಕೂತ ಮೇಲೆ, ಅವನ ಹೆಸರು ಹೊಲಿದ ಒಂದನೇ ನಂಬರಿನ ಅಂಗಿಯನ್ನು ಎದೆಗೆ ಹಿಡಿದು ಫೋಟೋ ತೆಗೆಯಬೇಕು. ಅಂಗಿಯ ಒಂದು ತೋಳು ಅವನ ಕೈಯಲ್ಲಿ, ಇನ್ನೊಂದು ತೋಳು ಅಲ್ಲಿಯವರೆಗೆ ಕೆಲಸ ನೋಡಿಕೊಂಡವರ ಕೈಯಲ್ಲಿ. ಆ ಇನ್ನೊಂದು ತೋಳನ್ನು ಹಿಂದಿನ ಎರಡು ಸಲವೂ ಹಿಡಿದವಳು ಡೊರೀನ್ ಹಾವೆಲ್ಕ. ಆ ಫೋಟೋಗಳನ್ನು ಕ್ರೀಡಾಂಗಣದ ಮೊಗಸಾಲೆಯಲ್ಲಿ ಸಾಲಾಗಿ ತೂಗುಹಾಕಿದ್ದಾರೆ. ಒಂದರಲ್ಲಿ ಅವಳ ಅರ್ಧ ಮುಖ ಇದೆ. ಇನ್ನೊಂದರಲ್ಲಿ ಬರೀ ಮೊಣಕೈ. ಮೊಣಕೈ ಇರುವ ಫೋಟೋದ ಕೆಳಗೆ ಅವಳ ಹೆಸರನ್ನು ಕೂಡ ಹಾಕಿಲ್ಲ, ದರಿದ್ರದವರು.

ಡೊರೀನ್ ಆ ಕಾಲೇಜಿಗೆ ಬಂದದ್ದು ಬೇಸ್‌ಬಾಲಿನ ತಂಗಿಯಂಥ ಆಟ ಸಾಫ್ಟ್‌ಬಾಲ್ ಆಡಲು. ನೆಬ್ರಾಸ್ಕದಲ್ಲಿ ಪ್ಲಾಟ್ ನದಿಯ ಆಚೆ ಮುಸುಕಿನ ಜೋಳ ಬೆಳೆಯುವ ಚೆಕ್ ರೈತರ ಮನೆಯ ಹುಡುಗಿ. ಬ್ಯಾಟು ಹಿಡಿದವಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವುದು ಅವಳ ಪಾಲಿನ ಕೆಲಸ. ಆಡುವವರ ಪೈಕಿ ಇಡೀ ಮೈದಾನ ಕಣ್ಣೆದುರಿಗೆ ಕಾಣುವುದು ಅಲ್ಲಿ ಕೂತವರಿಗೆ ಮಾತ್ರ. ಯಾರು ಎಲ್ಲಿ ನಿಲ್ಲಬೇಕು, ಯಾರು ಸುಸ್ತಾಗಿದ್ದಾರೆ, ಯಾರು ಸುಳ್ಳು ಸುಸ್ತು ಮಾಡುತ್ತಿದ್ದಾರೆ ಎಂದು ಅಲ್ಲಿಂದಲೇ ಕೂಗಿ ಹೇಳಬೇಕು. ಹಾಗೆ ಕೂಗಿ ಕೂಗಿ ಅವಳಿಗೆ ಒಂದು ಆಸೆ ಹುಟ್ಟಿತು. ಒಂದಲ್ಲ ಒಂದು ದಿನ ಈ ಕಾಲೇಜಿನ ಎಲ್ಲ ಆಟಗಳನ್ನೂ ತಾನೇ ನಡೆಸಬೇಕು, ಆ ನಿರ್ದೇಶಕನ ಕುರ್ಚಿಯಲ್ಲಿ ಕೂರಬೇಕು. ಆಸೆಯನ್ನು ಅವಳು ಮುಚ್ಚಿಡಲೂ ಇಲ್ಲ. ಕೇಳಿದವರಿಗೆಲ್ಲ ಹೇಳಿದಳು, ಕೇಳಿದವರೆಲ್ಲ ನಕ್ಕರು.

ಓದು ಮುಗಿದ ಮೇಲೆ ಊರಿಗೆ ಹೋಗದೆ ಅಲ್ಲೇ ಕೆಲಸಕ್ಕೆ ಸೇರಿದಳು. ಕ್ರೀಡಾ ಇಲಾಖೆಯ ಕೆಲಸ ಹೊರಗಿನಿಂದ ನೋಡುವವರಿಗೆ ಬಲು ಚೆಂದ. ಒಳಗೆ ಕತ್ತೆ ಚಾಕರಿ. ಮೈದಾನಕ್ಕೆ ಸುಣ್ಣದ ಗೆರೆ ಎಳೆದಳು. ಟಿಕೆಟ್ ಕಿಂಡಿಯಲ್ಲಿ ಕೂತು ಕುಡುಕರ ಬೈಗುಳ ತಿಂದಳು. ಕಾಲೇಜಿನ ಗುರುತು ಕೊಕ್ಕರೆ. ಆಟದ ದಿನ ಜನರನ್ನು ಹುರಿದುಂಬಿಸಲು ಆ ಕೊಕ್ಕರೆ ವೇಷ ಹಾಕುವ ಹುಡುಗ ಜ್ವರ ಎಂದು ಮಲಗಿದ ದಿನ ತಾನೇ ಆ ಬೆವರುನಾತದ ವೇಷದೊಳಗೆ ಹೊಕ್ಕು ರೆಕ್ಕೆ ಬಡಿದಳು. ಹಿಮ ಬೀಳುವಾಗ ಡ್ರೈವರ್ ಕೈಕೊಟ್ಟರೆ ಬಸ್ಸು ಓಡಿಸಿದಳು. ಆಮೇಲೆ ನಿಯಮಗಳ ವಿಭಾಗಕ್ಕೆ ಹಾಕಿದರು. ಆಟಗಾರರಿಗೆ ಯಾರು ಊಟ ಕೊಡಿಸಬಹುದು, ಯಾರು ಕೊಡಿಸಬಾರದು, ತರಬೇತುದಾರ ಯಾವಾಗ ಯಾರಿಗೆ ಫೋನ್ ಮಾಡಬಹುದು, ಇಂಥ ತಲೆನೋವುಗಳ ಇಲಾಖೆ ಅದು. ಗಂಡಸರು ಯಾರೂ ಕೇಳಿ ಪಡೆಯದ ಜಾಗ, ಹಾಗಾಗಿ ಅವಳಿಗೆ ಸಿಕ್ಕಿತು.

ಅವಳ ಕೈಕೆಳಗೆ ಝೆರಾಕ್ಸ್ ತೆಗೆಯುತ್ತಿದ್ದ ಹುಡುಗರು ಟೈ ಕಟ್ಟಿಕೊಂಡು ಬೇರೆ ಬೇರೆ ಕಾಲೇಜುಗಳಲ್ಲಿ ನಿರ್ದೇಶಕರಾದರು. ಕ್ರಿಸ್‌ಮಸ್‌ಗೆ ಕಾರ್ಡು ಕಳಿಸುತ್ತಾರೆ, ಎಲ್ಲ ನಿಮ್ಮಿಂದಲೇ ಕಲಿತದ್ದು ಎಂದು. ಕಾರ್ಡಿಗೇನು ಬರ.

ಗಂಡ ಗ್ಲೆನ್ ಒಳ್ಳೆಯವನೇ. ಆದರೆ ಆಟಗಳಿರುವ ಶನಿವಾರ ಬಂತೆಂದರೆ ಹೆಂಡತಿ ಮನೆಯಲ್ಲಿರುತ್ತಿರಲಿಲ್ಲ. ಒಂದು ಭಾನುವಾರ ಚರ್ಚಿನಿಂದ ಬರುವಾಗ ಅವನು ಹೇಳಿದ, "ನೀನು ಆ ಸ್ಟೇಡಿಯಮ್ಮನ್ನೇ ಮದುವೆ ಆಗ್ಬೇಕಿತ್ತು ಕಣೆ."

"ಆಗ್ತಿದ್ದೆ. ಅದು ನನ್ನ ಕೇಳ್ಲೇ ಇಲ್ಲ," ಅಂದಳು.

ಆ ಚಳಿಗಾಲವೇ ಅವನು ಬೇರೆ ಮನೆ ಮಾಡಿದ. ಅವಳು ಅತ್ತಳು, ಮುಖ ತೊಳೆದುಕೊಂಡಳು, ಶನಿವಾರ ಮತ್ತೆ ಸ್ಟೇಡಿಯಮ್ಮಿಗೆ ಹೋದಳು.

ನಿರ್ದೇಶಕರು ಬಂದರು, ಹೋದರು. ಒಬ್ಬ ದೊಡ್ಡ ಕಾಲೇಜಿಗೆ ಹಾರಿದ. ಇನ್ನೊಬ್ಬ ಕುಡಿದು ಗಾಲ್ಫ್ ಗಾಡಿಯನ್ನು ಕೊಳಕ್ಕೆ ಇಳಿಸಿ ಕೆಲಸ ಕಳೆದುಕೊಂಡು ಮನೆಗೆ ಹೋದ. ಅವರು ಹೋದಾಗಲೆಲ್ಲ ಡೊರೀನ್ ಹಂಗಾಮಿ. ಹಂಗಾಮಿ ಎಂದರೆ ಏನೆಂದು ಆ ಲೋಕದಲ್ಲಿ ಎಲ್ಲರಿಗೂ ಗೊತ್ತು. ಮನೆಯ ಯಜಮಾನ ಬರುವವರೆಗೆ ಕಸ ಗುಡಿಸಿ, ಒಲೆ ಹೊತ್ತಿಸಿ, ಅವನು ಬಂದ ಮೇಲೆ ಬಾಗಿಲ ಪಕ್ಕಕ್ಕೆ ಸರಿದು ನಿಲ್ಲುವುದು. ಮೊದಲ ಸಲ ಅವಳು ಅರ್ಜಿ ಹಾಕಿದಾಗ "ಇನ್ನೂ ಅನುಭವ ಬೇಕು" ಎಂದರು. ಎರಡನೇ ಸಲ "ಹೊರಗಿನ ಹೊಸ ಗಾಳಿ ಬೇಕು" ಎಂದರು. ಮೊದಲು ಅನುಭವವಿಲ್ಲದವಳು, ಅನುಭವ ಬಂದ ಮೇಲೆ ಹಳಬಳು. ಇವರ ನ್ಯಾಯಕ್ಕೆ ಬೆಂಕಿ ಬೀಳ.

ಮೂರನೇ ಸಲ ಹಂಗಾಮಿಯಾದಾಗ ಹಾಗಾಗಲಾರದು ಎಂದು ಅವಳಿಗೆ ಅನಿಸಿತು. ಏಕೆಂದರೆ ಈ ಸಲ ಕಾಲೇಜಿನ ಅಧ್ಯಕ್ಷ ಡಾಕ್ಟರ್ ಲಿಂಡ್‌ವಾಲ್ ತಾನೇ ಅವಳನ್ನು ಕರೆಸಿದ. ಬಿಳಿ ಹುಬ್ಬಿನ, ಮೆತ್ತಗೆ ಮಾತಾಡುವ ಮನುಷ್ಯ. ಎದುರಿಗಿದ್ದವರ ಹೆಸರನ್ನು ಮಾತಿಗೊಮ್ಮೆ ಹೇಳುವುದು ಅವನ ಅಭ್ಯಾಸ.

"ಡೊರೀನ್, ಈ ಸಲ ನಿಮ್ಮ ಹೆಸರು ಬಹಳ ಜೋರಾಗಿ ಕೇಳಿಬರ್ತಾ ಇದೆ."

"ಎಲ್ಲಿಂದ ಕೇಳಿಬರ್ತಾ ಇದೆ ಸರ್?"

"ಎಲ್ಲಾ ಕಡೆಯಿಂದ. ಆದ್ರೆ ಡೊರೀನ್, ನಿರ್ದೇಶಕರಾಗೋರು ಕಷ್ಟದ ತೀರ್ಮಾನ ತಗೋಬೇಕಾಗುತ್ತೆ. ನೀವು ತಗೋತೀರಿ ಅಂತ ಕಾಲೇಜಿನ ಮಂಡಳಿಗೆ ಒಂದು ಸಲ ತೋರಿಸ್ಬಿಟ್ರೆ, ನನ್ನ ಕೆಲಸ ಸಲೀಸು."

ಕಷ್ಟದ ತೀರ್ಮಾನ ಏನೆಂದರೆ ಸಾಫ್ಟ್‌ಬಾಲ್ ತಂಡವನ್ನು ಮುಚ್ಚುವುದು. ಫುಟ್‌ಬಾಲ್ ಆಡುವವರಿಗೆ ಹೊಸ ವಿಶ್ರಾಂತಿ ಕೋಣೆ ಬೇಕಂತೆ, ಚರ್ಮದ ಕುರ್ಚಿಗಳು, ಗೋಡೆ ತುಂಬ ಟಿವಿ. ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಅವರ ಫುಟ್‌ಬಾಲು. ಅವರು ಗೆದ್ದು ಎಷ್ಟು ಕಾಲವಾಯಿತೋ ದೇವರೇ ಬಲ್ಲ. ಅವರ ಚರ್ಮದ ಕುರ್ಚಿಗೆ ಹುಡುಗಿಯರ ಮೈದಾನ ಬಲಿ. ಹೇಳಿಕೆಯನ್ನು ಅಧ್ಯಕ್ಷರ ಕಚೇರಿಯೇ ಬರೆದು ಕೊಡುತ್ತದೆ, ಹಂಗಾಮಿ ನಿರ್ದೇಶಕಿ ತಂಡದೆದುರು ಓದಬೇಕು. ಇಷ್ಟೇ.

ಡೊರೀನ್ ಒಪ್ಪಿಕೊಂಡಳು. ಹೌದು, ಒಪ್ಪಿಕೊಂಡಳು. ಇದನ್ನು ಮರೆಸಿ ಕಥೆ ಹೇಳಲು ಬರುವುದಿಲ್ಲ. ಕುರ್ಚಿ ಕೈಗೆ ಬರಲಿ, ಎರಡು ವರ್ಷದಲ್ಲಿ ತಂಡವನ್ನು ವಾಪಸು ತರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾರಿನಲ್ಲಿ ಕೂತು ಸ್ಟೀರಿಂಗಿಗೆ ಗುದ್ದಿದಳು. ಕೈ ನೋಯಿತು. ಮನೆಗೆ ಹೋಗಿ ಚಿಲ್ಲಿ ಎಂಬ ಮಾಂಸ, ಕಾಳುಗಳ ಸಾರು ಬಿಸಿ ಮಾಡಿ, ಅಲ್ಲಿಯವರ ರೂಢಿಯಂತೆ ಅದರಲ್ಲಿ ದಾಲ್ಚಿನ್ನಿ ರೋಲು ಅದ್ದಿಕೊಂಡು ತಿಂದಳು. ರುಚಿಯೇ ಗೊತ್ತಾಗಲಿಲ್ಲ.

ಮುಂದಿನ ವಾರದ ಬುಧವಾರ ಅವಳ ಸಂದರ್ಶನ ಎಂದು ಗೊತ್ತಾಯಿತು. ಈ ಮಂಗಳವಾರ ಸಂಜೆ ನಾಲ್ಕಕ್ಕೆ ತಂಡದೆದುರು ಹೇಳಿಕೆ ಓದುವುದು ಎಂದೂ ಗೊತ್ತಾಯಿತು.

ಮಂಗಳವಾರ ಮಧ್ಯಾಹ್ನ ವೆಂಡೆಲ್ ಫೋನ್ ಮಾಡಿದ. ವೆಂಡೆಲ್ ಸಾಮಾನು ಕೋಣೆಯವನು. ಎಲ್ಲ ತಂಡಗಳ ಬಟ್ಟೆ ಒಗೆಸುವುದು, ಹೆಲ್ಮೆಟ್ಟು ರಿಪೇರಿ, ಅಂಗಿಗಳಿಗೆ ಹೆಸರು ಹೊಲಿಸಿ ತರಿಸುವುದು ಅವನ ಸಾಮ್ರಾಜ್ಯ. ಡೊರೀನ್ ಸುಣ್ಣದ ಗೆರೆ ಎಳೆಯುತ್ತಿದ್ದ ಕಾಲದಿಂದ ಸ್ನೇಹಿತ.

"ಸ್ವಲ್ಪ ಕೆಳಗೆ ಬಾ," ಅಂದ.

"ಲೋ, ನಂಗೆ ಇವತ್ತು ಆಗಲ್ಲ ಕಣೋ."

"ಬಾ ಅಂದ್ರೆ ಬಾ. ಆಮೇಲೆ ನನಗೆ ಥ್ಯಾಂಕ್ಸ್ ಹೇಳ್ತೀಯ."

ಒಗೆಯುವ ಯಂತ್ರಗಳ ಸದ್ದಿನ ನಡುವೆ ಹತ್ತಾರು ಜನ ಸೇರಿದ್ದರು. ಟಿಕೆಟ್ ಕಿಂಡಿಯವರು, ಹುಲ್ಲು ಕತ್ತರಿಸುವವರು, ಫಿಸಿಯೋ ಹುಡುಗಿಯರು. ಮೇಜಿನ ಮೇಲೆ ಕೊಕ್ಕರೆ ಬಿಡಿಸಿದ ಕೇಕು. ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಊರಿನ ಹೊಲಿಗೆ ಅಂಗಡಿಯಿಂದ ಬಂದದ್ದು. ಮೇಲೆ ದಪ್ಪ ಅಕ್ಷರದಲ್ಲಿ "ನಿರ್ದೇಶಕರ ಪತ್ರಿಕಾಗೋಷ್ಠಿ, ಗುರುವಾರ" ಎಂದು ಬರೆದಿತ್ತು.

ಆದದ್ದು ಏನೆಂದರೆ, ಅಂಗಿ ಹೊಲಿಸಲು ಹೇಳಿದ್ದು ಅಧ್ಯಕ್ಷರ ಕಚೇರಿ, ಗುಟ್ಟಾಗಿ. ಆದರೆ ಆ ಕಚೇರಿಯ ಮಹಾಬುದ್ಧಿವಂತರಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ಆ ಅಂಗಡಿಯವರು ಎಷ್ಟೋ ವರ್ಷಗಳಿಂದ ಕಾಲೇಜಿನ ಹೆಸರಿನ ಪೆಟ್ಟಿಗೆಗಳನ್ನೆಲ್ಲ ನೇರ ತಂದು ಇಳಿಸುವುದು ವೆಂಡೆಲ್‌ನ ಬಾಗಿಲಿಗೆ. ವೆಂಡೆಲ್ ಪೆಟ್ಟಿಗೆಯ ಮೇಲಿನ ಬರಹ ನೋಡಿದ. ಅದು ಯಾರ ಅಂಗಿ ಎಂದು ಅವನಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ಪೆಟ್ಟಿಗೆ ಒಡೆಯದೆ ಹಾಗೇ ಇಟ್ಟು, ಕೇಕು ತರಿಸಿದ.

"ಒಡಿ," ಅಂದ. ಅವನ ಕಣ್ಣು ಆಗಲೇ ಒದ್ದೆಯಾಗಿತ್ತು.

ಡೊರೀನ್ ಪೆಟ್ಟಿಗೆಯ ಮೇಲಿನ ಬರಹ ಓದಿದಳು. ಸಂದರ್ಶನ ಇನ್ನೂ ಆಗಿಲ್ಲವಲ್ಲ ಎಂದು ಬುದ್ಧಿ ಹೇಳಿತು. ಲಿಂಡ್‌ವಾಲ್ ಮೊದಲೇ ತೀರ್ಮಾನ ಮಾಡಿಬಿಟ್ಟಿರಬೇಕು, ಸಂದರ್ಶನ ಬರೀ ಶಾಸ್ತ್ರಕ್ಕೆ ಎಂದು ಮನಸ್ಸು ಹೇಳಿತು. ಮನಸ್ಸಿನ ಮಾತು ಎಷ್ಟು ಸಿಹಿಯಾಗಿತ್ತೆಂದರೆ ಅವಳು ನಗುತ್ತಲೇ ಟೇಪು ಕಿತ್ತಳು, ಕಾಗದ ಸರಿಸಿದಳು, ಅಂಗಿಯನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಬೆನ್ನಿನ ಕಡೆ ಅವರಿಗೆ ಕಾಣುತ್ತಿತ್ತು, ಅವಳಿಗಲ್ಲ. ಅವರು ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೇ ನಿಂತವು. ಒಬ್ಬಳು ಬಾಯಿ ಮುಚ್ಚಿಕೊಂಡಳು. ವೆಂಡೆಲ್ ನೆಲ ನೋಡಿದ.

ಅವಳು ಅಂಗಿ ತಿರುಗಿಸಿ ನೋಡಿದಳು. ಒಂದನೇ ನಂಬರು. ಅದರ ಮೇಲೆ ಕಾಲ್ಬೆಕ್ ಎಂದು ಹೊಲಿದಿತ್ತು.

ಟ್ರೆಂಟ್ ಕಾಲ್ಬೆಕ್ ಯಾರೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತು. ಒಂದು ಕಾಲಕ್ಕೆ ಇದೇ ಕಾಲೇಜಿನ ಫುಟ್‌ಬಾಲ್ ಹೀರೋ. ಆಮೇಲೆ ಟ್ರ್ಯಾಕ್ಟರ್ ಮಾರಿದ, ವಿಮೆ ಮಾರಿದ, ಈಗ ಎಲ್ಲೋ ದೇಣಿಗೆ ಎತ್ತುವ ಕೆಲಸ. ಆಡುವ ಕಾಲದಲ್ಲಿ ಅವನು ಎರಡು ಪರೀಕ್ಷೆಗೆ ಹೋಗದೆ ಅನರ್ಹನಾಗುವುದರಲ್ಲಿದ್ದ. ಬೆಳಗ್ಗೆ ಅವನ ಕೋಣೆಯ ಬಾಗಿಲು ಬಡಿದು ಎಬ್ಬಿಸಿ ಪರೀಕ್ಷೆಗೆ ಕಳಿಸುತ್ತಿದ್ದವಳು ಡೊರೀನ್.

 ಡೊರೀನ್ ಅಂಗಿಯನ್ನು ಮಡಿಸಿದಳು. 

"ಕೇಕ್ ತಿನ್ನಿ," ಅಂದಳು. "ದಂಡ ಮಾಡ್ಬೇಡಿ."

ನೇರ ಅಧ್ಯಕ್ಷರ ಕಚೇರಿಗೆ ನಡೆದಳು, ಅಂಗಿ ಕಂಕುಳಲ್ಲಿ. ಕಾರ್ಯದರ್ಶಿ "ಅವರು ಮೀಟಿಂಗಲ್ಲಿದ್ದಾರೆ" ಎಂದಾಗ "ನಾನೂ ಇರ್ತೀನಿ" ಎಂದು ಒಳಗೆ ನುಗ್ಗಿದಳು. ಲಿಂಡ್‌ವಾಲ್ ಒಬ್ಬನೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಅವಳು ಅಂಗಿಯನ್ನು ಅವನ ಮೇಜಿನ ಮೇಲೆ ಹಾಸಿದಳು.

ಅವನು ಬಾಯಿ ಒರೆಸಿಕೊಂಡ. "ಇದು ನಿಮ್ಮ ಕೈಗೆ ಬರಬಾರದಿತ್ತು, ಡೊರೀನ್."

"ಬಂತಲ್ಲ. ಮುಂದಿನ ವಾರ ಬುಧವಾರ ನನ್ನನ್ನ ಏನಕ್ಕೆ ಕರೆದಿದ್ರಿ? ಕಾಫಿ ಕುಡಿಯಕ್ಕಾ?"

"ಪ್ರಕ್ರಿಯೆ ಅಂತ ಒಂದಿರುತ್ತೆ, ಡೊರೀನ್. ಮಹಿಳಾ ಅಭ್ಯರ್ಥಿ ಒಬ್ಬರಾದ್ರೂ ಇರ್ಬೇಕು ಅಂತ ಮಂಡಳಿಯ ನಿಯಮ. ಗುರುವಾರದ ಕಾರ್ಯಕ್ರಮ ಆಮೇಲೆ ಗೊತ್ತಾಗಿದ್ದು. ನಿಮಗೆ ಹೇಳೋಣ ಅಂತಲೇ ಇದ್ದೆ."

ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಮೂಗಿಗೆ ತುಪ್ಪ ಸವರಿಸಿಕೊಂಡು ಇವನ ಹಿಂದೆ ತಿರುಗಿದೆನಲ್ಲ, ಅದೂ ಈ ವಯಸ್ಸಿನಲ್ಲಿ, ಎಂದು ತನ್ನ ಮೇಲೇ ಅಸಹ್ಯವಾಯಿತು.

"ಟ್ರೆಂಟ್‌ಗೆ ನಿಮ್ಮ ಮೇಲೆ ತುಂಬ ಗೌರವ," ಲಿಂಡ್‌ವಾಲ್ ಹೇಳಿದ. "ನಿಮ್ಮನ್ನ ಎರಡನೇ ಸ್ಥಾನದಲ್ಲಿ ಇಟ್ಕೋತೀನಿ ಅಂದಿದ್ದಾನೆ. ಅವನಿಗೆ ನಿಯಮ ಗಿಯಮ ಅಷ್ಟು ಗೊತ್ತಿಲ್ಲ, ನೀವೇ ಹೇಳಿಕೊಡ್ಬೇಕು."

"ನಾನು ಹೇಳಿಕೊಡ್ಬೇಕು."

"ಮತ್ತೆ ಇವತ್ತು ನಾಲ್ಕು ಗಂಟೆಗೆ ಆ ಸಾಫ್ಟ್‌ಬಾಲ್ ವಿಷಯ ಮುಗಿಸಿಬಿಡಿ. ಹೊಸಬ ಬರೋ ಹೊತ್ತಿಗೆ ಅಂಗಳ ಶುಭ್ರವಾಗಿರಲಿ. ಪಾಪ, ಮೊದಲನೇ ದಿನವೇ ಅವನಿಗೆ ಕೆಟ್ಟ ಹೆಸರು ಬೇಡ."

ಅಗೋ, ಅಲ್ಲಿತ್ತು ವಿಷಯ. ಕೆಟ್ಟ ಹೆಸರು ಅವಳಿಗೆ, ಅಂಗಿ ಅವನಿಗೆ. ಹುಡುಗಿಯರ ಕುತ್ತಿಗೆ ಇವಳ ಕೈಯಲ್ಲಿ ಕೊಯ್ಯಿಸಿ, ರಕ್ತ ಒರೆಸಿದ ನೆಲದ ಮೇಲೆ ಆ ಮಹಾರಾಯ ಬೂಟು ಹಾಕಿಕೊಂಡು ಬರಬೇಕು.  ಇನ್ನು ಒಂದು ಮಾತಾಡಿದ್ದರೆ ಡೊರೀನಳ ಕೈ ಮುಂದಾಗುತ್ತಿತ್ತು. ಅಂಗಿ ಎತ್ತಿಕೊಂಡು ಹೊರಗೆ ಬಂದಳು.

ನಾಲ್ಕು ಗಂಟೆಗೆ ತಂಡದ ಕೋಣೆಯಲ್ಲಿ ಹುಡುಗಿಯರು ಕಾಯುತ್ತಿದ್ದರು. ಹಿಮ ಕರಗಿ ಮೊದಲ ಸಲ ಹೊರಗೆ ಅಭ್ಯಾಸ ಮಾಡಿದ ದಿನ, ಎಲ್ಲರ ಬೂಟಿನಲ್ಲೂ ಕೆಸರು. ನಾಯಕಿ ಕೀರ್‌ಸ್ಟನ್ ಎಂಬ ಎತ್ತರದ ಹುಡುಗಿ, ಕೊನೆಯ ವರ್ಷದವಳು. ಅವಳೂ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವವಳು.

ಡೊರೀನ್ ಹೇಳಿಕೆಯ ಕಾಗದ ತೆಗೆದಳು, ಓದಲಿಲ್ಲ. "ಇದರಲ್ಲಿ ನಿಮ್ಮ ತಂಡ ಮುಚ್ತೀವಿ ಅಂತ ಬರೆದಿದೆ," ಅಂದಳು. "ನಾನು ಇದನ್ನ ನಿಮ್ಮ ಮುಂದೆ ಓದ್ಬೇಕಿತ್ತು."

ಹುಡುಗಿಯರ ನಡುವಿಂದ ಕೀರ್‌ಸ್ಟನ್ ಕೇಳಿದಳು, "ಓದ್ತೀನಿ ಅಂತ ಒಪ್ಪಿಕೊಂಡಿದ್ರಾ?"

"ಒಪ್ಪಿಕೊಂಡಿದ್ದೆ."

"ಯಾಕೆ?"

"ನಿರ್ದೇಶಕಿ ಮಾಡ್ತೀವಿ ಅಂದಿದ್ರು."

"ಮಾಡಿದ್ರಾ?"

"ಇಲ್ಲ."

ಹುಡುಗಿಯ ಕಣ್ಣಲ್ಲಿ ಕೆಂಡ. "ಮಾಡಿದ್ರೆ ಓದ್ತಿದ್ರಿ. ಅಲ್ವಾ ಮೇಡಂ? ನೀವೂ ಇಲ್ಲೇ ಆಡಿದೋರು. ನೀವು ಆಡ್ತಿದ್ದ ಕಾಲದ ಫೋಟೋ ಅಲ್ಲಿ ಹೊರಗೆ ಇದೆ."

"ಓದ್ತಿದ್ದೆ," ಡೊರೀನ್ ಹೇಳಿದಳು. "ಬೈಯೋದಿದ್ರೆ ಬೈದುಬಿಡು. ನಂಗೆ ಅದು ಸಲ್ಲುತ್ತೆ. ಆದ್ರೆ ಇದನ್ನ ತೀರ್ಮಾನ ಮಾಡಿದೋರು ಬೇರೆ, ಅವರಿಗೆ ಬೈಯಕ್ಕೂ ಸ್ವಲ್ಪ ಉಳಿಸ್ಕೋ. ಗುರುವಾರ ಬೆಳಗ್ಗೆ ಎಲ್ಲಾರೂ ಆಡೋ ಬಟ್ಟೆ ಹಾಕ್ಕೊಂಡು ಸ್ಟೇಡಿಯಮ್ಮಿನ ಹಾಲಿಗೆ ಬನ್ನಿ. ಒಬ್ಬರೂ ಮಾತಾಡ್ಬೇಡಿ. ಸುಮ್ಮನೆ ಹಿಂದೆ ನಿಂತ್ಕೊಳ್ಳಿ."

ಅಧ್ಯಕ್ಷರ ಕಚೇರಿಯಿಂದ ಸಂಜೆ ಫೋನ್ ಬಂತು, ಮುಗಿಯಿತೇ ಎಂದು. "ತಂಡಕ್ಕೆ ವಿಷಯ ತಿಳಿಸಿ ಆಯ್ತು," ಅಂದಳು. ಅದು ನಿಜವೇ ಆಗಿತ್ತು.

ಗುರುವಾರ ಸ್ಟೇಡಿಯಮ್ಮಿನ ಸಭಾಂಗಣ ತುಂಬಿತ್ತು. ಕಾಲ್ಬೆಕ್‌ನ ಹೆಂಡತಿ, ಹೆಣ್ಣುಮಕ್ಕಳು ಕಾಲೇಜಿನ ನೀಲಿ ಬಣ್ಣದ ಬಟ್ಟೆ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದಿನ ಗೋಡೆಗುಂಟ ಸಾಫ್ಟ್‌ಬಾಲ್ ಹುಡುಗಿಯರು ಸಾಲಾಗಿ ಬಂದು ನಿಂತಾಗ, ಹೊಸ ನಿರ್ದೇಶಕನನ್ನು ಸ್ವಾಗತಿಸಲು ಬಂದಿದ್ದಾರೆ ಎಂದುಕೊಂಡು ಒಬ್ಬ ದೇಣಿಗೆಯ ಮುದುಕ ಅವರಿಗೆ ಕೈ ಬೀಸಿದ. ಲಿಂಡ್‌ವಾಲ್ ಮಾತ್ರ ಅವರನ್ನು ನೋಡಿ ಹುಬ್ಬು ಗಂಟಿಕ್ಕಿದ. ಆದರೆ ಆಗಲೇ ಕ್ಯಾಮೆರಾ ಓಡುತ್ತಿತ್ತು.

ಹಂಗಾಮಿಯವರು ಎರಡು ಮಾತು ಹೇಳಿ ಅಂಗಿ ಕೊಡುವುದು ಪದ್ಧತಿ. ಡೊರೀನ್ ಮೈಕಿನ ಮುಂದೆ ನಿಂತಳು. 

"ಟ್ರೆಂಟ್, ನಿಮ್ಮ ಅಂಗಿ ಮಂಗಳವಾರವೇ ಬಂತು. ನನ್ನ ಸಂದರ್ಶನ ಇದ್ದಿದ್ದು ಮುಂದಿನ ಬುಧವಾರ. ನಮ್ಮೂರಲ್ಲಿ ಹೊಲಿಗೆಯವರು ಬಹಳ ಚುರುಕು."

ಕೆಲವರು ನಕ್ಕರು. ನಕ್ಕಮೇಲೆ ನಗಬಾರದಿತ್ತೇನೋ ಎಂದು ಅಕ್ಕಪಕ್ಕ ನೋಡಿದರು.

"ಹಿಂದೆ ನಿಂತಿರೋದು ನಮ್ಮ ಸಾಫ್ಟ್‌ಬಾಲ್ ತಂಡ. ಇವರ ಆಟ ನಿಲ್ಲಿಸ್ತೀವಿ ಅಂತ ಅಧ್ಯಕ್ಷರ ಕಚೇರಿ ಈ ಹೇಳಿಕೆ ಬರೆದುಕೊಟ್ಟಿದೆ. ನೀವು ಬರೋದರೊಳಗೆ ನಾನು ಓದಿ ಮುಗಿಸ್ಬೇಕಿತ್ತು, ನಿಮಗೆ ಕೆಟ್ಟ ಹೆಸರು ಬರಬಾರದು ಅಂತ. ನಾನು ಓದ್ಲಿಲ್ಲ. ಇವತ್ತಿಂದ ನಿರ್ದೇಶಕರು ನೀವು. ಓದೋದಾದ್ರೆ ಈಗಲೇ ಓದಿ. ಅವರೂ ಇಲ್ಲೇ ಇದ್ದಾರೆ, ಕೇಳಿಸ್ಕೋತಾರೆ."

ಕಾಗದವನ್ನು ಅಂಗಿಯ ಮೇಲಿಟ್ಟು ಎರಡನ್ನೂ ಅವನ ಕೈಗೆ ಕೊಟ್ಟಳು. ಅಂಗಿಯ ತೋಳನ್ನು ತಾನು ಹಿಡಿಯಲಿಲ್ಲ.

ಕಾಲ್ಬೆಕ್ ಲಿಂಡ್‌ವಾಲ್‌ನ ಕಡೆ ನೋಡಿದ. ಲಿಂಡ್‌ವಾಲ್ ಚಾವಣಿ ನೋಡಿದ. ಟಿವಿಯ ಹುಡುಗಿ ಎದ್ದು ನಿಂತು, "ತಂಡ ಮುಚ್ತೀರಾ ಸರ್?" ಎಂದು ಕೇಳಿದಳು. ಹಿಂದೆ ಕೆಸರು ಬೂಟಿನ ಹುಡುಗಿಯರು, ಮುಂದೆ ಅವನದೇ ಹೆಣ್ಣುಮಕ್ಕಳು. ವಿಮೆ ಮಾರಿದವನಲ್ಲವೇ, ಗಾಳಿ ಯಾವ ಕಡೆ ಎಂದು ಅವನಿಗೆ ಬೇಗ ತಿಳಿಯುತ್ತದೆ.

"ನಾನು ಇಲ್ಲಿ ಇರೋವರೆಗೂ ಸಾಫ್ಟ್‌ಬಾಲ್ ಇರುತ್ತೆ," ಎಂದ, ಎದೆ ಉಬ್ಬಿಸಿ.

ಸಭಾಂಗಣಕ್ಕೆ ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಲಿಂಡ್‌ವಾಲ್ ಕೂಡ ಹಲ್ಲು ಕಚ್ಚಿಕೊಂಡು ಚಪ್ಪಾಳೆ ತಟ್ಟಿದ, ತಟ್ಟದೆ ಹೋಗುವುದೆಲ್ಲಿಗೆ.

ಮಾರನೆಯ ದಿನ ಊರಿನ ಪತ್ರಿಕೆಯ ಮುಖಪುಟದಲ್ಲಿ ಕಾಲ್ಬೆಕ್. "ಮೊದಲ ದಿನವೇ ಸಾಫ್ಟ್‌ಬಾಲ್ ಉಳಿಸಿದ ಹೊಸ ನಿರ್ದೇಶಕ" ಎಂದು ತಲೆಬರಹ. ಫೋಟೋದಲ್ಲಿ ಅವನು ಅಂಗಿ ಹಿಡಿದು ನಗುತ್ತಿದ್ದಾನೆ. ಎಡಗಡೆ ಅಂಚಿನಲ್ಲಿ ಯಾರದೋ ಒಂದು ಮೊಣಕೈ.

ಡೊರೀನ್ ಆ ಪತ್ರಿಕೆಯನ್ನು ಉಂಡೆ ಮಾಡಿ ಅಡಿಗೆಮನೆಯ ಗೋಡೆಗೆ ಎಸೆದಳು. ಹೆಕ್ಕಿಕೊಂಡು ಬಂದು ಮತ್ತೆ ಎಸೆದಳು.

ಆ ತಿಂಗಳು ಮುಗಿಯುವುದರೊಳಗೆ ಅವಳ ಹುದ್ದೆಯೇ ಇಲ್ಲವಾಯಿತು. ವಜಾ ಮಾಡಿದರೆ ಸುದ್ದಿಯಾಗುತ್ತದೆ, ಹಾಗಾಗಿ ಇಲಾಖೆಯ ಪುನರ್ರಚನೆ ಎಂದು ಕರೆದರು. ಅವಳು ಸಾಮಾನು ಕಟ್ಟುವಾಗ ವೆಂಡೆಲ್ ರಟ್ಟಿನ ಪೆಟ್ಟಿಗೆ ತಂದುಕೊಟ್ಟ, ಸಹಾಯ ಮಾಡುತ್ತ ನಿಂತ. ಹೊರಗೆ ಕೀರ್‌ಸ್ಟನ್ ಮತ್ತು ಹುಡುಗಿಯರು ಕಾಯುತ್ತಿದ್ದರು. ಅವರ ಕೈಯಲ್ಲಿ ಗಾಜು ಹಾಕಿಸಿದ ಚೌಕಟ್ಟು. ಒಳಗೆ ನೀಲಿ ಅಂಗಿ, ಒಂದನೇ ನಂಬರು, ಮೇಲೆ ಹಾವೆಲ್ಕ ಎಂದು ಹೊಲಿದಿತ್ತು. ವೆಂಡೆಲ್ ಹೊಲಿಸಿಕೊಟ್ಟದ್ದು ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮೇಡಂ, ಅವತ್ತು ನಿಮ್ಮ ಹತ್ರ ಜೋರು ಮಾತಾಡ್ಬಿಟ್ಟೆ," ಕೀರ್‌ಸ್ಟನ್ ಹೇಳಿದಳು. "ನೀವು ನಮಗೋಸ್ಕರ ಕೆಲಸಾನೇ ತ್ಯಾಗ ಮಾಡಿದ್ರಿ."

ಡೊರೀನ್ ಅಳುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಗಾಜಿನ ಮೇಲಿದ್ದ ಬೆರಳಿನ ಗುರುತನ್ನು ತೋಳಿನಿಂದ ಒರೆಸಿದಳು.

"ತ್ಯಾಗ ಅನ್ಬೇಡ ಕಣಮ್ಮ, ಹೊಟ್ಟೆ ಉರಿಯುತ್ತೆ," ಅಂದಳು. "ತ್ಯಾಗ ಅಂದ್ರೆ ಎಲ್ಲಾರಿಗೂ ಸಮಾಧಾನ ಆಗ್ಬಿಡುತ್ತೆ. ನಾನು ಏನನ್ನೂ ಬಿಟ್ಟುಕೊಡ್ಲಿಲ್ಲ. ಅವರು ಕಿತ್ಕೊಂಡ್ರು. ನಂಗೆ ಆ ಕುರ್ಚಿ ಬೇಕಿತ್ತು. ಇವತ್ತಿಗೂ ಬೇಕು."

 ಡೊರೀನ್ ಹುಡುಗಿಯ ಭುಜ ತಟ್ಟಿದಳು.

"ಇದನ್ನ ನಿಮ್ಮ ಕೋಣೇಲಿ ತೂಗುಹಾಕಿ. ನಾನು ಇನ್ನೊಂದು ಹೊಲಿಸ್ಕೋತೀನಿ."

ಆ ಬೇಸಿಗೆ ಅವಳು ಅರ್ಜಿ ಹಾಕುತ್ತಲೇ ಹೋದಳು. ಕನ್ಸಾಸ್‌ನ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಹುದ್ದೆ ಅದೇ, ಕ್ರೀಡಾ ನಿರ್ದೇಶಕರದು. ಬೆಳಗ್ಗೆ ಬೇಗ ಎದ್ದು, ಇಸ್ತ್ರಿ ಮಾಡಿದ ಕೋಟು ಹಿಂದಿನ ಸೀಟಿಗೆ ತೂಗುಹಾಕಿ, ಗೋಧಿ ಹೊಲಗಳ ನಡುವೆ ಕಾರು ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಉತ್ತರಗಳನ್ನು ಗಟ್ಟಿಯಾಗಿ ಹೇಳಿಕೊಂಡಳು.

ಮೂವರು ಕೂತಿದ್ದರು. ನಡುವೆ ಅಧ್ಯಕ್ಷ, ಬಲಕ್ಕೆ ಒಬ್ಬ ಪ್ರಾಧ್ಯಾಪಕಿ, ಎಡಕ್ಕೆ ಕಾಲೇಜಿನ ಟೋಪಿ ಹಾಕಿದ ದೊಡ್ಡ ದಾನಿ. ಬಹಳ ವಿನಯ. ನೀರು ಕೊಟ್ಟರು, ದಾರಿ ಹೇಗಿತ್ತು ಎಂದು ಕೇಳಿದರು.

"ನಿಮ್ಮಂಥ ಅನುಭವಸ್ಥರು ಅರ್ಜಿ ಹಾಕಿದ್ದು ನಮ್ಮ ಭಾಗ್ಯ," ಅಧ್ಯಕ್ಷ ಹೇಳಿದ. "ಪ್ರಕ್ರಿಯೆ ಸಂಪೂರ್ಣ ಮುಕ್ತವಾಗಿದೆ."

ಪ್ರಕ್ರಿಯೆ ಎಂಬ ಮಾತು ಕೇಳಿದ್ದೇ ಡೊರೀನ್ ನೀರಿನ ಲೋಟ ಕೆಳಗಿಟ್ಟಳು.

"ನೀವು ಕೇಳೋಕೆ ಮುಂಚೆ ನಾನೊಂದು ಕೇಳ್ತೀನಿ," ಅಂದಳು. "ಅಂಗಿ ಹೊಲಿಸಿ ಆಯ್ತಾ?"

"ಯಾವ ಅಂಗಿ?" ಅಧ್ಯಕ್ಷ ನಕ್ಕ.

ದಾನಿ ಟೋಪಿ ತೆಗೆದು ಅದರ ಒಳಗನ್ನು ನೋಡತೊಡಗಿದ. ಪ್ರಾಧ್ಯಾಪಕಿ ಅಧ್ಯಕ್ಷನ ಮುಖ ನೋಡಿದಳು, ಆಮೇಲೆ ಮೇಜು ನೋಡಿದಳು. ಹೊಲಿಸಿಲ್ಲ ಎಂದು ಮಾತ್ರ ಯಾರೂ ಅನ್ನಲಿಲ್ಲ. 

ಎದ್ದು ಹೋಗಬೇಕೆಂದು ಒಂದು ಕ್ಷಣ ಅವಳಿಗೆ ಅನ್ನಿಸಿತು. ಬ್ಯಾಗಿನ ಪಟ್ಟಿಯನ್ನು ಹಿಡಿದೂ ಆಗಿತ್ತು. ಆಮೇಲೆ ಬ್ಯಾಗನ್ನು ನೆಲದ ಮೇಲಿಟ್ಟು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ನೆಟ್ಟಗೆ ಕೂತಳು.

"ಹೊಲಿಗೆಯವರಿಗೆ ಫೋನ್ ಮಾಡಿ, ಅಂಗಿ ಮೇಲಿರೋ ಹೆಸರನ್ನ ಬಿಚ್ಚಿಸಿ," ಅಂದಳು. "ನಾನು ಇಲ್ಲೇ ಇರ್ತೀನಿ. ನಂಗೇನೂ ಆತುರ ಇಲ್ಲ."